"ತವರಿಗೆ ಹೋಗಬೇಕು" ಎನ್ನುವ ಅತ್ತೆ



ಈ ವರ್ಷದ ಪಂಚಮಿ ಹಬ್ಬಕ್ಕೆ ನಾನು ಮರಳಿಗೆ ಹೋಗಿದ್ದೆ. ಗಂಗಾವತಿ ತಾಲ್ಲೂಕಿನ ಊರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದರು. ಬಸ್ಸಿನ ಕಿಟಕಿಯಿಂದ ಎತ್ತ ನೋಡಿದರೂ ಗದ್ದೆಯಲ್ಲಿ ಬಗ್ಗಿ ನಿಂತು ಭತ್ತದ ಸಸಿ ನಾಟಿ ಮಾಡುವ ಹೆಂಗಸರು. ನನ್ನ ಸೋದರಮಾವನ ಮಗಳನ್ನು ಆ ಊರಿಗೆ ಕೊಟ್ಟು ಇಪ್ಪತ್ತೆಂಟು ವರ್ಷವಾಯಿತು. ನನಗಿಂತ ಚಿಕ್ಕವಳು, "ಯಕ್ಕಾ" ಎಂದೇ ಕರೆಯುತ್ತಾಳೆ. ಹಬ್ಬಕ್ಕೆಂದು ಹೋದವಳು ಅವಳ ಮನೆಯಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಹೇಳಬೇಕೆನಿಸಿದೆ. ಏಕೆಂದರೆ ಇದು ಒಂದು ಮನೆಯ ಮಾತಲ್ಲ.

ಹೋದ ದಿನ ಸಂಜೆ ಚಹಾ ಕುಡಿಯುತ್ತ ಪಡಸಾಲೆಯಲ್ಲಿ ಕುಳಿತಿದ್ದೆವು. ಒಳಗಿನಿಂದ ಅವಳ ಅತ್ತೆ ಬಂದರು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ನಮ್ಮ ಕಡೆ ನೋಡಲೂ ಇಲ್ಲ, ಸೀದಾ ಬಾಗಿಲಿಗೆ ನಡೆದರು.

"ಎಲ್ಲಿಗೆ ಹೊಂಟ್ರೀ ಅತ್ತೀ?"

"ತವರಿಗೆ ಹೋಗ್ಬೇಕವ್ವಾ. ಪಂಚಮಿ ಬಂತು. ಅಣ್ಣ ಕರಿಯಾಕ ಬರ್ತೀನಿ ಅಂದಿದ್ದ. ಹೊತ್ತು ಮುಳುಗಾಕ ಬಂತು, ಇನ್ನಾ ಬರ್ಲಿಲ್ಲ."

ನನ್ನ ತಂಗಿ ಬಾಗಿಲಿಗೆ ಅಡ್ಡ ನಿಂತಳು. ಅವಳ ಮುಖ ನೋಡಿ ನನಗೆ ಅರ್ಥವಾಯಿತು, ಇದು ಇವತ್ತಿನ ಕಥೆಯಲ್ಲ.

ಆ ತಾಯಿಗೆ ಎಂಬತ್ತೈದು ದಾಟಿದೆ. ಅವರ ತವರೂರು ಮುಳುಗಡೆಯಾದ ಊರು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ನೀರು ನಿಂತಾಗ ಹತ್ತಾರು ಹಳ್ಳಿಗಳ ಜೊತೆ ಅದೂ ನೀರಿನಡಿ ಹೋಯಿತು. ಆಗ ಅವರಿನ್ನೂ ಲಂಗ ಉಡುವ ಹುಡುಗಿ. ಕರೆಯಲು ಬರುತ್ತೇನೆ ಎಂದ ಅಣ್ಣ ತೀರಿಕೊಂಡು ಇಪ್ಪತ್ತು ವರ್ಷವಾಗಿದೆ.

ಮೊದಮೊದಲು ನನ್ನ ತಂಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳಂತೆ. "ಅತ್ತೀ, ನಿಮ್ಮೂರು ಮುಳುಗೇತ್ರೀ, ನಿಮ್ಮಣ್ಣ ಸತ್ತು ಭಾಳ ವರ್ಷಾತು." ಅತ್ತೆ ಆಗತಾನೇ ಸಾವಿನ ಸುದ್ದಿ ಬಂದವರಂತೆ ನೆಲಕ್ಕೆ ಕುಳಿತು ಅಳುತ್ತಿದ್ದರು. ಮರುದಿನ ಸಂಜೆ ಮತ್ತೆ ಗಂಟು, ಮತ್ತೆ ಅಣ್ಣ. ಮತ್ತೆ ಸತ್ಯ ಹೇಳಿದರೆ ಮತ್ತೆ ಅಷ್ಟೇ ಅಳು. ಕೊನೆಗೆ ಹೇಳುವುದನ್ನೇ ಬಿಟ್ಟು ಬಾಗಿಲಿಗೆ ಅಡ್ಡ ನಿಲ್ಲಲು ಕಲಿತಳು.

ಎರಡು ತಿಂಗಳ ಹಿಂದೆ ಒಂದು ನಸುಕಿನಲ್ಲಿ ಅವರು ಚಿಲಕ ತೆಗೆದು ಹೊರಟೇಬಿಟ್ಟಿದ್ದರು. ಕಾಲುವೆಯ ದಂಡೆಯ ಮೇಲೆ ಹೋಗುತ್ತಿದ್ದವರನ್ನು ಹೊಲಕ್ಕೆ ಹೊರಟಿದ್ದ ಪುಣ್ಯಾತ್ಮನೊಬ್ಬ ಗುರುತು ಹಿಡಿದು ಮನೆ ಮುಟ್ಟಿಸಿದ. ಅಂದಿನಿಂದ ನನ್ನ ತಂಗಿ ರಾತ್ರಿ ತನ್ನ ಸೆರಗಿನ ತುದಿಯನ್ನು ಅತ್ತೆಯ ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತಾಳೆ. ಅತ್ತೆ ಎದ್ದರೆ ಎಚ್ಚರವಾಗಲಿ ಎಂದು. ಅತ್ತೆ ರಾತ್ರಿಗೆ ನಾಲ್ಕು ಸಲ ಏಳುತ್ತಾರೆ.

ಬೆಂಗಳೂರಿನಲ್ಲಿರುವ ಹಿರಿಯ ಮಗ, "ಇಂಥವರಿಗೇ ಇಲ್ಲಿ ಕೇಂದ್ರಗಳದಾವ, ಸೇರಿಸೋಣ" ಎನ್ನುತ್ತಾನೆ. ಮನೆಯಲ್ಲಿರುವ ಕಿರಿಯ ಮಗ, ಅಂದರೆ ನನ್ನ ತಂಗಿಯ ಗಂಡ, "ಊರ ಮಂದಿ ಏನಂದಾರು" ಎನ್ನುತ್ತಾನೆ. ಕುಷ್ಟಗಿಗೆ ಕೊಟ್ಟ ಮಗಳು ಫೋನಿನಲ್ಲಿ, "ನಮ್ಮವ್ವನ್ನ ಒಬ್ಬಾಕಿನ್ನ ನೋಡ್ಕೊಳ್ಳಾಕ ಆಗಂಗಿಲ್ಲೇನು?" ಎಂದು ಕೇಳಿದ್ದಾಳೆ. ಎಲ್ಲರದೂ ಒಂದೊಂದು ಮಾತು. ರಾತ್ರಿ ಏಳುವವಳು ಮಾತ್ರ ಒಬ್ಬಳೇ.

ಅಂದು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಅವಳು ತಲೆ ಎತ್ತದೆ ಕೇಳಿದಳು: "ಯಕ್ಕಾ, ಕಳಿಸಿದ್ರ ನಾ ಕೆಟ್ಟ ಸೊಸಿ ಆಗ್ತೀನೇನು?"

ಸಹೋದರಿಯರೇ, ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಸಲದ ನಮ್ಮ ಮಾತು.

ಮೊದಲು ಕಾಯಿಲೆಯನ್ನು ತಿಳಿಯೋಣ

"ಅರವತ್ತಕ್ಕೆ ಅರಳು ಮರಳು" ಎಂದು ನಮ್ಮಲ್ಲಿ ಗಾದೆಯೇ ಇದೆ. ವಯಸ್ಸಾದ ಮೇಲೆ ಮರೆವು ಬರುವುದು ಸಹಜ. ಆದರೆ ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಬೇರೆ, ಕನ್ನಡಕ ಯಾತಕ್ಕೆ ಎಂಬುದೇ ಮರೆಯುವುದು ಬೇರೆ. ಎರಡನೆಯದು ಮೆದುಳಿನ ಕಾಯಿಲೆ. ಡಾಕ್ಟರರು ಇದಕ್ಕೆ ಡಿಮೆನ್ಷಿಯಾ ಎನ್ನುತ್ತಾರೆ. ಇದರಲ್ಲಿ ಹೆಚ್ಚು ಕಾಣುವ ಬಗೆಗೆ ಅಲ್ಝೈಮರ್ ಕಾಯಿಲೆ ಎಂದು ಹೆಸರು. 1906ರಲ್ಲಿ ಜರ್ಮನಿಯ ಅಲೋಯಿಸ್ ಅಲ್ಝೈಮರ್ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. ಅವರು ಕಂಡ ರೋಗಿಯೂ ಒಬ್ಬ ಗೃಹಿಣಿಯೇ. ಆಸ್ಪತ್ರೆಗೆ ಬಂದಾಗ ಆಕೆಗೆ ಬರೀ ಐವತ್ತೊಂದು ವರ್ಷ. ಪಾರ್ಶ್ವವಾಯು ಹೊಡೆದವರಿಗೆ, ಬಹುಕಾಲ ರಕ್ತದೊತ್ತಡ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಮೆದುಳಿನ ರಕ್ತನಾಳ ಕೆಟ್ಟು ಬರುವ ಬಗೆಯೂ ಇದೆ.

2023ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದು ಹೆಚ್ಚು. ಇದು ಸಿರಿವಂತರ ಕಾಯಿಲೆ, ಬೆಂಗಳೂರಿನವರ ಕಾಯಿಲೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈ ಕಾಯಿಲೆ ಹೊಸ ನೆನಪನ್ನು ಮೊದಲು ಅಳಿಸುತ್ತದೆ. ಬೆಳಿಗ್ಗೆ ತಿಂದದ್ದು, ನಿನ್ನೆ ಬಂದವರು, ಮೊಮ್ಮಗನ ಹೆಸರು ಹೋಗುತ್ತವೆ. ಬಾಲ್ಯದ ನೆನಪು ಬಹಳ ಕಾಲ ಉಳಿಯುತ್ತದೆ. ಅದಕ್ಕೇ ಮರಳಿಯಲ್ಲಿ ಏಳು ದಶಕ ಸಂಸಾರ ಮಾಡಿದ ಆ ತಾಯಿಗೆ ಇದು ತನ್ನ ಮನೆ ಅನ್ನಿಸುವುದಿಲ್ಲ. ನೀರಿನಡಿ ಹೋದ ಊರೇ ಅವರಿಗೆ ಈಗ ನಿಜವಾದ ಊರು.

ಒಂದು ಮಾತು ನೆನಪಿಡಿ. ಮರೆವೆಲ್ಲವೂ ಡಿಮೆನ್ಷಿಯಾ ಅಲ್ಲ. ಥೈರಾಯ್ಡ್ ತೊಂದರೆ, ಬಿ12 ವಿಟಮಿನ್ ಕೊರತೆ, ಮನಸ್ಸಿನ ಖಿನ್ನತೆ, ಜಾರಿ ಬಿದ್ದು ತಲೆಗೆ ಆದ ಪೆಟ್ಟು, ಕೆಲವು ಮಾತ್ರೆಗಳು, ಕಿವಿ ಕೇಳಿಸದಿರುವುದು, ಇವೆಲ್ಲ ಮರೆವಿನಂತೆಯೇ ಕಾಣುತ್ತವೆ. ಚಿಕಿತ್ಸೆಯಿಂದ ಇವುಗಳಲ್ಲಿ ಎಷ್ಟೋ ಸುಧಾರಿಸುತ್ತವೆ. ಆದ್ದರಿಂದ ಒಮ್ಮೆ ಡಾಕ್ಟರಿಗೆ ತೋರಿಸದೆ "ಅರಳು ಮರಳು" ಎಂದು ಮೂಲೆಗೆ ಕೂಡಿಸಬೇಡಿ. ನಿನ್ನೆಯವರೆಗೆ ನೆಟ್ಟಗಿದ್ದವರು ಇಂದು ದಿಢೀರನೆ ಗಲಿಬಿಲಿಯಾದರೆ ಮೂತ್ರದ ಸೋಂಕೋ ಜ್ವರವೋ ಇರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲ್ಲಿ ತೋರಿಸಬೇಕು? ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವೈದ್ಯರನ್ನು ಕಾಣಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಇನ್ನೂ ದೊಡ್ಡ ತಪಾಸಣೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಮನೆಯಿಂದಲೇ ಸಲಹೆ ಕೇಳಲು ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416, ಹಿರಿಯರ ಸಹಾಯವಾಣಿ 14567. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಮನೆಯಲ್ಲಿ ನೋಡಿಕೊಳ್ಳುವ ಬಗೆ

ಮತ್ತೆ ಆ ಸಂಜೆಗೆ ಬರೋಣ. ತಂಗಿ ಬಾಗಿಲಿಗೆ ಅಡ್ಡ ನಿಂತಿದ್ದಳು, ಅತ್ತೆಯ ದನಿ ಏರುತ್ತಿತ್ತು. ನಾನು ಹತ್ತಿರ ಹೋಗಿ ಕೈ ಹಿಡಿದು ಕೇಳಿದೆ: "ಯವ್ವಾ, ನಿಮ್ಮ ತವರಾಗ ಪಂಚಮಿ ಹೆಂಗ ಮಾಡ್ತಿದ್ರಿ?"

ಅವರು ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ ಮುಖ ಅರಳಿತು. "ದೊಡ್ಡ ಬೇವಿನ ಗಿಡಕ್ಕ ಅಣ್ಣ ಜೋಕಾಲಿ ಕಟ್ಟತಿದ್ದ. ನಮ್ಮವ್ವ ಜ್ವಾಳದ ಅಳ್ಳು ಹುರೀತಿದ್ಲು..." ಎಂದು ಶುರುವಾಯಿತು. ಮಾತಾಡುತ್ತಲೇ ಒಳಗೆ ಬಂದು ಕುಳಿತರು. ಮುಂದೆ ಶೇಂಗಾ ಪುಡಿ, ಬೆಲ್ಲದ ಪರಾತ ಇಟ್ಟೆವು. ಆ ಕೈಗಳು ಉಂಡಿ ಕಟ್ಟುವುದನ್ನು ಮರೆತಿರಲಿಲ್ಲ! ಒಂದೇ ಅಳತೆಯ ಇಪ್ಪತ್ತು ಉಂಡಿ ಕಟ್ಟಿದರು. ಗಂಟು ಪಡಸಾಲೆಯಲ್ಲೇ ಉಳಿಯಿತು.

ಮರುದಿನ ಈ ಉಪಾಯ ಮೊದಲ ಸಲಕ್ಕೆ ನಡೆಯಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅವರೊಡನೆ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ಬಂದ ಮೇಲೆ ಸಮಾಧಾನವಾಯಿತು. ಇದಕ್ಕೆ ಸಿದ್ಧ ಮಂತ್ರವಿಲ್ಲ. ಆದರೂ ಕೆಲವು ಕ್ರಮಗಳಿಂದ ಅನುಕೂಲವಾಗುತ್ತದೆ:

ವಾದ ಬೇಡ. ತಪ್ಪು ತಿದ್ದುವುದರಿಂದ ನೆನಪು ಬರುವುದಿಲ್ಲ, ದುಃಖ ಮಾತ್ರ ಬರುತ್ತದೆ. ಸುಳ್ಳು ಹೇಳಲು ಮನಸ್ಸು ಒಪ್ಪದಿದ್ದರೆ ಸುಳ್ಳು ಹೇಳಬೇಕಾಗಿಯೂ ಇಲ್ಲ. ಅವರು ಯಾರನ್ನು ನೆನೆಯುತ್ತಾರೋ ಅವರ ಬಗ್ಗೆಯೇ ಕೇಳಿ.

ದಿನದ ಕ್ರಮ ಬದಲಿಸಬೇಡಿ. ಎಚ್ಚರ, ಸ್ನಾನ, ಊಟ, ನಿದ್ದೆ ಎಲ್ಲ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಆಗಲಿ. ಇಂಥ ಬಹಳ ಮಂದಿಗೆ ಹೊತ್ತು ಮುಳುಗುವಾಗ ತಳಮಳ ಹೆಚ್ಚುತ್ತದೆ. ಕತ್ತಲಾಗುವ ಮೊದಲೇ ದೀಪ ಹಾಕಿ. ಮಧ್ಯಾಹ್ನ ಬಹಳ ಹೊತ್ತು ಮಲಗಲು ಬಿಡಬೇಡಿ.

ಕೈಗೆ ಕೆಲಸ ಕೊಡಿ. ಅಕ್ಕಿ ಆರಿಸುವುದು, ಬತ್ತಿ ಹೊಸೆಯುವುದು, ಅವರೆಕಾಯಿ ಸುಲಿಯುವುದು. ಕೆಲಸ ನೆಟ್ಟಗಾಯಿತೋ ಇಲ್ಲವೋ ಎಂದು ನೋಡಬೇಡಿ.

ಬಾಗಿಲಿಗೆ ಗಂಟೆ ಕಟ್ಟಿ. ಚಿಲಕವನ್ನು ಅವರ ಕಣ್ಣಿಗೆ ಬೀಳದ ಎತ್ತರದಲ್ಲಿ ಹಾಕಿಸಿ. ಆದರೆ ಅವರೊಬ್ಬರನ್ನೇ ಒಳಗಿಟ್ಟು ಬೀಗ ಹಾಕಿ ಎಲ್ಲರೂ ಹೊಲಕ್ಕೆ ಹೋಗಬೇಡಿ. ಸೀರೆಯ ಅಂಚಿಗೆ, ಕುಪ್ಪಸದ ಒಳಗೆ ಮನೆಯ ಫೋನ್ ನಂಬರ್ ಹೊಲಿಯಿರಿ. ಈಚಿನ ಒಂದು ಫೋಟೋ ಇಟ್ಟುಕೊಂಡಿರಿ. ಮುಖ್ಯವಾಗಿ ಓಣಿಯವರಿಗೆ, ಕಿರಾಣಿ ಅಂಗಡಿಯವರಿಗೆ, ಬಸ್‌ ಸ್ಟ್ಯಾಂಡಿನ ಆಟೋದವರಿಗೆ ವಿಷಯ ತಿಳಿಸಿ. ನಾಚಿಕೆಯಿಂದ ಮುಚ್ಚಿಟ್ಟರೆ ಕಾಲುವೆ ದಂಡೆಯಲ್ಲಿ ಕಂಡವರೂ ಸುಮ್ಮನೆ ಹೋಗಿಬಿಡುತ್ತಾರೆ. ಕಾಣೆಯಾದರೆ ಮೊದಲು ನೀರಿರುವ ಕಡೆ ಹುಡುಕಿ. ಕೂಡಲೇ 112ಕ್ಕೆ ಫೋನ್ ಮಾಡಿ. ಒಂದು ದಿನ ಕಾಯಬೇಕೆಂಬ ನಿಯಮವಿಲ್ಲ.

ಊಟದ ಮೇಲೆ ನಿಗಾ ಇರಲಿ. ಕಾಯಿಲೆ ಬೆಳೆದಂತೆ ನುಂಗುವುದು ಕಷ್ಟವಾಗುತ್ತದೆ. ನೆಟ್ಟಗೆ ಕೂಡಿಸಿ, ಸಣ್ಣ ತುತ್ತು ಕೊಟ್ಟು, ಒಂದು ನುಂಗಿದ ಮೇಲೆ ಇನ್ನೊಂದು ಕೊಡಿ. ಉಂಡಿಯನ್ನು ಅವರು ಕಟ್ಟಲಿ, ತಿನ್ನಲು ಪುಡಿ ಮಾಡಿ ಹಾಲಿನಲ್ಲಿ ಮೆತ್ತಗೆ ಕಲಸಿ ಕೊಡಿ. ನಮ್ಮ ಕಡೆಯ ಜೋಳದ ನುಚ್ಚು ಇಂಥವರಿಗೆ ಒಳ್ಳೆಯದು: ಒಂದು ಬಟ್ಟಲು ನುಚ್ಚನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ನಾಲ್ಕು ಬಟ್ಟಲು ನೀರು ಉಪ್ಪು ಹಾಕಿ ಕುದಿಸಿ, ನುಚ್ಚು ಸುರಿದು ಸಣ್ಣ ಉರಿಯಲ್ಲಿ ತಿರುವುತ್ತ ಮೆತ್ತಗೆ ಬೇಯಿಸಿ. ಆರಿದ ಮೇಲೆ ಗಟ್ಟಿ ಮೊಸರು ಕಲಸಿ. ತೀರ ತೆಳುವಾದ ಮಜ್ಜಿಗೆ ಸಾಗುವಾಗ ಕೆಮ್ಮು ಬರುತ್ತಿದ್ದರೆ ಡಾಕ್ಟರಿಗೆ ಹೇಳಿ.

ಕೇಂದ್ರ ಎಂದರೆ ಏನು?

ಇಷ್ಟೆಲ್ಲ ಓದಿದ ಮೇಲೆ ನೀವು ಕೇಳಬಹುದು: "ಅಡಿಗೆ, ದನ, ಹೊಲ, ಮಕ್ಕಳ ಪರೀಕ್ಷೆಯ ನಡುವೆ ಒಬ್ಬಳೇ ಇದನ್ನೆಲ್ಲ ಮಾಡುವುದು ಸಾಧ್ಯವೇ?" ಸಾಧ್ಯವಿಲ್ಲ. ಅದನ್ನು ಮೊದಲು ಒಪ್ಪಿಕೊಳ್ಳಬೇಕು.

ಮರೆವಿನ ಕಾಯಿಲೆಯವರನ್ನು ಇರಿಸಿಕೊಂಡು ನೋಡುವ ಕೇಂದ್ರಗಳು ನಮ್ಮ ರಾಜ್ಯದಲ್ಲಿ ಮುಖ್ಯವಾಗಿ ಬೆಂಗಳೂರಿನಲ್ಲಿವೆ. 1998ರಲ್ಲಿ ಹುಟ್ಟಿದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಅಲ್ಲಿನ ಕಸ್ತೂರಿನಗರದಲ್ಲಿ ಇದಕ್ಕೆಂದೇ ಕೇಂದ್ರ ತೆರೆಯಿತು. ಇವು ಸಾಮಾನ್ಯ ವೃದ್ಧಾಶ್ರಮದಂತಲ್ಲ. ಒಳ್ಳೆಯ ಕೇಂದ್ರದಲ್ಲಿ ತಿರುಗಾಡಲು ಸುತ್ತುಗೋಡೆಯ ಅಂಗಳವಿರುತ್ತದೆ. ಬಾಗಿಲ ಮೇಲೆ ಹೆಸರಿನ ಜೊತೆ ಗುರುತಿನ ಚಿತ್ರವಿರುತ್ತದೆ. ದಿನವೂ ಅದೇ ಮುಖದವರು ನೋಡಿಕೊಳ್ಳುತ್ತಾರೆ. ರಾತ್ರಿ ಎದ್ದರೆ ಎಚ್ಚರವಿರುವವರು ಇರುತ್ತಾರೆ. ಹಗಲಿನವರು ಮನೆಗೆ ಹೋಗಿ ಮಲಗಿರುತ್ತಾರೆ. ಕೇಂದ್ರದ ದೊಡ್ಡ ಗುಟ್ಟು ಇದೇ. ಅಲ್ಲಿ ಮೂರು ಪಾಳಿ, ನಮ್ಮ ಮನೆಯಲ್ಲಿ ಒಬ್ಬಳೇ ಸೊಸೆ.

ತೊಡಕುಗಳೂ ಇವೆ. ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ ಖರ್ಚು. ಮರಳಿಯಿಂದ ರಾತ್ರಿಯೆಲ್ಲ ಬಸ್ಸಿನ ದಾರಿ. ಇನ್ನೊಂದು ನಾವು ಯೋಚಿಸದ ತೊಡಕೆಂದರೆ ಭಾಷೆ. ನಮ್ಮವರು "ನೀರಡಿಕಿ ಆಗೇತಿ" ಎನ್ನುತ್ತಾರೆ, "ಬಯಲಕಡಿಗೆ ಹೋಗ್ಬೇಕು" ಎನ್ನುತ್ತಾರೆ. ನೋಡಿಕೊಳ್ಳುವ ಹುಡುಗಿ ಬೇರೆ ಸೀಮೆಯವಳಾದರೆ ಅದರ ಅರ್ಥ ಅವಳಿಗೆ ಹೇಗೆ ತಿಳಿಯಬೇಕು?

2016ರಲ್ಲಿ ಬಂದ "ಗೋಧಿ ಬಣ್ಣ ಸಾಧಾರಣ ಮೈಕಟ್ಟು" ಸಿನಿಮಾವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅನಂತ್ ನಾಗ್ ಅವರು ಅಲ್ಝೈಮರ್ ಕಾಯಿಲೆಯ ತಂದೆಯಾಗಿ ನಟಿಸಿದ್ದಾರೆ. ಕೇಂದ್ರದಲ್ಲಿದ್ದ ಆ ತಂದೆ ಮಗನೊಡನೆ ಹೊರಗೆ ಹೋದಾಗ ಕಾಣೆಯಾಗುತ್ತಾರೆ. ಕಾಣೆಯಾದವರ ಪ್ರಕಟಣೆಯಲ್ಲಿ ಬರೆಯುವ ಮಾತೇ ಆ ಚಿತ್ರದ ಹೆಸರು. ನಮ್ಮ ಹಿರಿಯರ ಬಗ್ಗೆ ನಮಗೆ ಗೊತ್ತಿರುವುದೂ ಎಷ್ಟೋ ಸಲ ಅಷ್ಟೇ ಅಲ್ಲವೇ?

ಅದಕ್ಕೇ ನನ್ನದೊಂದು ಸಲಹೆ. ಇಂದೇ ಒಂದು ಹಾಳೆಯಲ್ಲಿ ಬರೆದಿಡಿ. ಅವರ ತವರೂರು ಯಾವುದು, ಅಣ್ಣತಮ್ಮಂದಿರ ಹೆಸರೇನು, ಯಾವ ಕೆಲಸದಲ್ಲಿ ಕೈ ಪಳಗಿತ್ತು, ಚಹಾಕ್ಕೆ ಎಷ್ಟು ಸಕ್ಕರೆ, ಯಾವ ದೇವರ ಹಾಡು, ಯಾವ ಮಗ್ಗುಲಿಗೆ ಮಲಗುತ್ತಾರೆ, ನೀರಿಗೆ, ಹಸಿವೆಗೆ, ಹೊರಗೆ ಹೋಗುವುದಕ್ಕೆ ಯಾವ ಮಾತು ಬಳಸುತ್ತಾರೆ, ಯಾತಕ್ಕೆ ಅಂಜುತ್ತಾರೆ. ಕೇಂದ್ರಕ್ಕೆ ಕಳಿಸಿದರೆ ಈ ಹಾಳೆ ಅವರ ಜೊತೆ ಹೋಗಲಿ. ಮನೆಗೇ ಆಳು ಇಟ್ಟುಕೊಂಡರೆ ಆಕೆಗೆ ಓದಿ ಹೇಳಿ. ಅವರು ಮರೆತದ್ದನ್ನು ಬೇರೆ ಯಾರಾದರೂ ನೆನಪಿಟ್ಟುಕೊಂಡಿದ್ದರೇನೇ ಅವರನ್ನು ನೋಡಿಕೊಳ್ಳಲು ಬರುವುದು.

ಕೇಂದ್ರ ನೋಡಲು ಹೋದವರು ಹೂಕುಂಡ ನೋಡಿ ಬರಬೇಡಿ. ರಾತ್ರಿ ಎಷ್ಟು ಮಂದಿಗೆ ಎಷ್ಟು ಜನ ಎಚ್ಚರವಿರುತ್ತಾರೆ? ಕಟ್ಟಿಹಾಕುತ್ತಾರೆಯೇ? ನಿದ್ದೆ ಮಾತ್ರೆಯನ್ನು ಡಾಕ್ಟರು ಬರೆಯದೆ ಕೊಡುತ್ತಾರೆಯೇ? ಹೇಳದೆ ಬಂದರೂ ಒಳಗೆ ಬಿಡುತ್ತಾರೆಯೇ? ತಿಂಗಳ ಮಟ್ಟಿಗೆ ಇರಿಸಿಕೊಳ್ಳುತ್ತಾರೆಯೇ? ಊಟದ ಹೊತ್ತಿಗೆ ಹೋಗಿ, ತುತ್ತು ಹೇಗೆ ಕೊಡುತ್ತಾರೆಂದು ಕಣ್ಣಾರೆ ನೋಡಿ.

ನಿರ್ಧಾರ ಯಾರದು?

ಹಬ್ಬದ ದಿನ ಕುಷ್ಟಗಿಯ ಮಗಳು ತವರಿಗೆ ಬಂದಳು. ತಾಯಿ ಅವಳನ್ನು ನೋಡಿ, "ನೀ ಯಾರ ಮನಿಯಾಕಿ ಅವ್ವಾ? ಉಂಡು ಹೋಗು" ಎಂದರು. ಆಕೆ ಅಡಿಗೆಮನೆಗೆ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಂದು ರಾತ್ರಿ, "ಇವತ್ತ ನಾ ಮಲಗ್ತೀನಿ" ಎಂದು ತಾನೇ ತಾಯಿಯ ಸೆರಗಿಗೆ ತನ್ನ ಸೆರಗು ಗಂಟು ಹಾಕಿಕೊಂಡಳು. ಬೆಳಿಗ್ಗೆ ಕೆಂಪಾದ ಕಣ್ಣಿನಿಂದ ಹೊರಗೆ ಬಂದು ಒಂದೇ ಮಾತು ಕೇಳಿದಳು: "ವೈನೀ, ನೀ ಎರಡು ತಿಂಗಳಿಂದ ಹಿಂಗ ಮಲಗೀಯೇನು?"

ಅಂದು ಮಧ್ಯಾಹ್ನವೇ ಎಲ್ಲರೂ ಕುಳಿತರು. ಬೆಂಗಳೂರಿನ ಮಗ ಫೋನಿನಲ್ಲೇ ಸೇರಿಕೊಂಡ. ಮಗಳು ತಿಂಗಳಿಗೆ ಹತ್ತು ದಿನ ಮರಳಿಗೆ ಬಂದಿರುವುದು. ತಾಯಿಯನ್ನು ಊರೂರು ತಿರುಗಿಸಿದರೆ ಗಲಿಬಿಲಿ ಹೆಚ್ಚುತ್ತದೆ, ನೋಡುವವರೇ ಬರಬೇಕು. ಉಳಿದ ದಿನ ರಾತ್ರಿಗೆ ಒಬ್ಬ ಹೆಣ್ಣುಮಗಳನ್ನು ಇಟ್ಟುಕೊಳ್ಳುವುದು, ಹಣ ಹಿರಿಯ ಮಗನದು. ಸಂಜೆ ತಾಯಿಯ ಜೊತೆ ತಿರುಗಾಡುವ ಕೆಲಸ ಕಿರಿಯ ಮಗನದು. ಹಿರಿಯ ಮಗ ಈ ನಡುವೆ ಕೇಂದ್ರಗಳನ್ನು ನೋಡಿಬರುವುದು. ದೀಪಾವಳಿಗೆ ಮತ್ತೆ ಎಲ್ಲರೂ ಕೂಡಿ, ಮನೆಯಲ್ಲಿ ಆಗುವುದಿಲ್ಲ ಎಂದು ಕಂಡರೆ ಎಲ್ಲರೂ ಸೇರಿ ಕಳಿಸುವುದು. "ಸೊಸಿ ಕಳಿಸಿದ್ಲು" ಎಂಬ ಮಾತು ಯಾರ ಬಾಯಲ್ಲೂ ಬರಕೂಡದು.

ನನ್ನ ತಂಗಿಗೆ ನಾನು ಕೊಟ್ಟ ಉತ್ತರವನ್ನೇ ನಿಮಗೂ ಹೇಳುತ್ತೇನೆ. ಕಳಿಸಿದರೆ ನೀನು ಕೆಟ್ಟವಳಾಗುವುದಿಲ್ಲ; ಇಟ್ಟುಕೊಂಡರೆ ನಿದ್ದೆಗೆಟ್ಟು ಸಾಯಬೇಕಾಗಿಯೂ ಇಲ್ಲ. ಕೇಂದ್ರಕ್ಕೆ ಸೇರಿಸಿ ತಿಂಗಳಿಗೊಮ್ಮೆ ಹೋಗಿ ತಲೆ ಬಾಚಿ ಬರುವ ಸೊಸೆಯಂದಿರೂ ಇದ್ದಾರೆ, ಮನೆಯಲ್ಲೇ ಇಟ್ಟುಕೊಂಡು ಹಿತ್ತಲ ಕೋಣೆಯಲ್ಲಿ ಕೂಡಿಹಾಕುವ ಮನೆಗಳೂ ಇವೆ. ನೋಡಿಕೊಳ್ಳುವವಳಿಗೆ ದಿನಕ್ಕೆ ಆರು ತಾಸಾದರೂ ನಿದ್ದೆ, ವಾರಕ್ಕೊಂದು ದಿನ ಬಿಡುವು ಸಿಗುವಂತಿರಬೇಕು. ಅದು ಸಿಗದ ಮನೆಯಲ್ಲಿ ಅತ್ತೆಗೂ ಕ್ಷೇಮವಿಲ್ಲ, ಸೊಸೆಗೂ ಕ್ಷೇಮವಿಲ್ಲ. ಬಾಯಿಬಿಟ್ಟು ಕೇಳಿ. ಕೇಳದೆ ಯಾರೂ ಕೊಡುವುದಿಲ್ಲ.

ನಾನು ಹೊರಡುವ ದಿನ ಆ ತಾಯಿ ಬಾಗಿಲವರೆಗೆ ಬಂದರು. ನನ್ನ ಕೈಯಲ್ಲಿ ಎರಡು ಉಂಡಿ ಇಟ್ಟು, "ದಾರ್ಯಾಗ ನಮ್ಮಣ್ಣ ಸಿಕ್ರ ಕೊಡವ್ವಾ" ಎಂದರು. "ಆತು ಯವ್ವಾ" ಎಂದು ಚೀಲದಲ್ಲಿ ಇಟ್ಟುಕೊಂಡೆ.

ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಮಾತಾಡೋಣ.